ಕಾವಲಿನ ಅಜ್ಜಂದಿರ ಬದುಕು ಬರೆದಿಡುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಸೀಮೆಯ ಕಾವಲುಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಕುರಿ, ದನ ಕಾಯ್ದು ಬಾಳಿದ ಹಿರಿಯರ ನೆನಪುಗಳನ್ನು ದಾಖಲಿಸಬೇಕೆಂದು ಹೊರಟವರಿಂದ ಬಂದ ಪ್ರಶ್ನೆಗಳಿವು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ತಾತನಿಗೆ ಎಂಬತ್ತು ದಾಟಿದೆ. ಆಯುಷ್ಯವೆಲ್ಲ ಕುರಿ ಕಾಯ್ದವರು. ‘ನಿನ್ನ ಜೀವನದ ಬಗ್ಗೆ ಹೇಳು ತಾತ’ ಎಂದರೆ ‘ಏನೈತಪ್ಪ ಹೇಳಾಕೆ, ಕುರಿ ಕಾಯ್ದೆ, ಮಕ್ಕಳ ಸಾಕಿದೆ, ಆತು’ ಎಂದು ಎದ್ದುಬಿಡುತ್ತಾರೆ. ಬಾಯಿ ಬಿಡಿಸುವುದು ಹೇಗೆ? (ಚಳ್ಳಕೆರೆ ತಾಲ್ಲೂಕಿನ ಓದುಗರು)

ಜೀವನದ ಬಗ್ಗೆ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಈ ತಲೆಮಾರಿನ ಗಂಡಸರಿಗೆ ಬಡಾಯಿ ಕೊಚ್ಚಿದಂತೆ. ಅದೇ ಹಿಂಡಿನ ಮಾತು ಬಂದರೆ ನಿಲ್ಲಿಸುವುದೇ ಕಷ್ಟ.

ಮೊದಲ ಸಲ ಒಬ್ಬನೇ ಹಿಂಡು ಹೊಡೆದುಕೊಂಡು ಹೋದದ್ದು ಯಾವ ಕಡೆಗೆ? ಎಷ್ಟು ಕುರಿ, ಎಷ್ಟು ಮೇಕೆ? ಎಲ್ಲ ಸ್ವಂತದ್ದೋ, ಪಾಲಿಗೆ ಹಿಡಿದದ್ದೋ? ಸುಗ್ಗಿ ಮುಗಿದ ಮೇಲೆ ಭದ್ರಾ ಅಚ್ಚುಕಟ್ಟಿನ ಕಡೆ ವಲಸೆ ಹೋಗುವಾಗ ರಾತ್ರಿ ತಂಗುತ್ತಿದ್ದ ಊರುಗಳು ಯಾವುವು? ಗೊಬ್ಬರಕ್ಕೆಂದು ಹೊಲದಲ್ಲಿ ಒಂದು ರಾತ್ರಿ ಮಂದೆ ತರುಬಿದರೆ ಹೊಲದವರು ಕೊಡುತ್ತಿದ್ದದ್ದು ಕಾಳೋ, ದುಡ್ಡೋ, ಎಷ್ಟು? ದಾರಿಯಲ್ಲಿ ಈದ ಕುರಿಯ ಮರಿಯನ್ನು ಯಾರು ಹೊರುತ್ತಿದ್ದರು? ತೋಳ ಬಂದ ರಾತ್ರಿ ನಾಯಿ ಹೇಗೆ ಬೊಗಳುತ್ತಿತ್ತು? ‘ಕಷ್ಟ ಇತ್ತಾ?’ ಎಂದು ಕೇಳಿದರೆ ‘ಹೂಂ’ ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯಿತು. ಎಷ್ಟು, ಎಲ್ಲಿ, ಯಾರ ಜೊತೆ, ಹೇಗೆ ಎಂದೇ ಕೇಳಿ.

ಕೈಯಲ್ಲಿ ಒಂದು ವಸ್ತು ಕೊಟ್ಟರೆ ಇನ್ನೂ ಒಳ್ಳೆಯದು. ಹಳೇ ಕಂಬಳಿ, ಉಣ್ಣೆ ಕತ್ತರಿ, ನೂಲುವ ಕದಿರು, ಯಾವುದಾದರೂ ಸರಿ. ಕಂಬಳಿಯನ್ನೇ ಹಿಡಿಯಿರಿ: ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಿದ್ದದ್ದು ಯಾವ ತಿಂಗಳು, ಅದಕ್ಕೆ ಮುಂಚೆ ಕುರಿಗಳನ್ನು ಯಾವ ಹಳ್ಳದಲ್ಲಿ ತೊಳೆಯುತ್ತಿದ್ದರು, ಕರಿ ಉಣ್ಣೆ ಬೇರೆ ಬಿಳಿ ಉಣ್ಣೆ ಬೇರೆ ಮಾಡುತ್ತಿದ್ದವರು ಯಾರು, ನೂಲುತ್ತಿದ್ದವರು ಯಾರು. ಆಮೇಲೆ ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದೆಳೆಗಳಿಗೆ, ಗಂಜಿ ಕಾಯಿಸುವ ಘಟ್ಟಕ್ಕೆ ಬನ್ನಿ. ಹುಣಸೆ ಬೀಜ ಕುಟ್ಟಿ, ನೆನೆಹಾಕಿ, ಕುದಿಸಿ ಅಂಟು ಮಾಡಿ, ಎಳೆದು ಕಟ್ಟಿದ ನೂಲಿಗೆ ಕುಂಚದಿಂದ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ತೆಳುವಾದರೆ ಎಳೆ ಜುಂಗೆದ್ದು ಮಗ್ಗದಲ್ಲಿ ಪಟಪಟ ಹರಿಯುತ್ತದೆ, ದಪ್ಪವಾದರೆ ಸೆಟೆದು ಮುರಿಯುತ್ತದೆ. ಹದ ಸರಿಯಾಗಿದೆ ಎಂದು ಬೆರಳಿನಲ್ಲಿ ಹೇಗೆ ನೋಡುತ್ತಿದ್ದಿರಿ ಎಂದು ಕೇಳಿ, ಕೈ ಮಾಡಿ ತೋರಿಸುವಾಗ ವಿಡಿಯೊ ಹಿಡಿಯಿರಿ. ನೇಯ್ಗೆಯವರಲ್ಲದ ಮನೆಯಾದರೆ ಉಣ್ಣೆ ಯಾರಿಗೆ ಕೊಟ್ಟು ಏನು ತರುತ್ತಿದ್ದರು ಎಂಬುದೂ ಇಷ್ಟೇ ಬೆಲೆಯ ಸಂಗತಿ.

ಉತ್ತರ ಮುಗಿಯಿತು ಎನಿಸಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಮುಂದಿನ ಪ್ರಶ್ನೆ. ಎಷ್ಟೋ ಸಲ ಒಳ್ಳೆಯ ಮಾತು ಬರುವುದು ಆ ಹತ್ತರೊಳಗೇ. ಒಂದು ಸಲಕ್ಕೆ ಒಂದರಿಂದ ಒಂದೂವರೆ ಗಂಟೆ ಸಾಕು.

ಪ್ರಶ್ನೆ: ಯಾವುದಕ್ಕೂ ಇಸವಿ ಗೊತ್ತಿಲ್ಲ ಎನ್ನುತ್ತಾರೆ. ಆಧಾರ್ ಕಾರ್ಡಿನ ಹುಟ್ಟಿದ ದಿನವನ್ನೇ ಬರೆದುಕೊಳ್ಳಲೇ? (ಜಗಳೂರು, ಹಿರಿಯೂರಿನ ಓದುಗರು)

ಆ ವಯಸ್ಸಿನವರ ಕಾಗದಗಳಲ್ಲಿರುವ ಹುಟ್ಟಿದ ದಿನ ಬಹಳಷ್ಟು ಸಲ ಅಂದಾಜಿನದು. ಜೂನ್ ತಿಂಗಳ ತಾರೀಖಿದ್ದರೆ ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದಿರಬಹುದು. ಅದನ್ನು ‘ದಾಖಲೆಯಲ್ಲಿರುವಂತೆ’ ಎಂದು ಬರೆದುಕೊಂಡು, ನಿಜವಾದ ವರ್ಷಕ್ಕೆ ಬೇರೆ ದಾರಿ ಹಿಡಿಯಿರಿ.

ಮೊದಲನೆಯದು ಸಂವತ್ಸರ. ಹುಟ್ಟಿದ್ದು ಪಾರ್ಥಿವ ಎಂದು ತಾಯಿ ಹೇಳುತ್ತಿದ್ದಳು ಎಂದರೆ 1945ರ ಯುಗಾದಿಯಿಂದ 1946ರ ಯುಗಾದಿಯವರೆಗೆ. ಅದರ ಹಿಂದಿನದು ತಾರಣ, ಸ್ವಭಾನು. ಮುಂದಿನದು ವ್ಯಯ, ಸರ್ವಜಿತು. ಸ್ವಾತಂತ್ರ್ಯ ಬಂದದ್ದು ಸರ್ವಜಿತುವಿನಲ್ಲಿ. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರ ವಿಷಯದಲ್ಲಿ ಒಂದು ವರ್ಷ ತಪ್ಪುವುದು ಇಲ್ಲೇ: 1946ರ ಫೆಬ್ರವರಿಯಲ್ಲೂ ಪಾರ್ಥಿವವೇ ನಡೆಯುತ್ತಿತ್ತು. ತಿಂಗಳಿಗೆ ಮಳೆ ನಕ್ಷತ್ರ ಕೇಳಿ. ರೋಹಿಣಿ ಎಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರ, ಮಘೆ ಎಂದರೆ ಆಗಸ್ಟ್ ಎರಡನೇ ಅರ್ಧ, ಚಿತ್ತೆ ಎಂದರೆ ಅಕ್ಟೋಬರ್ ಎರಡನೇ, ಮೂರನೇ ವಾರ. ಬೇಸಿಗೆಯಾದರೆ ಜಾತ್ರೆ ಹಿಡಿಯಿರಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ಫಾಲ್ಗುಣದ್ದು. ‘ಹಟ್ಟಿ ತೇರಿಗೆ ಮುಂಚೆಯೋ ಆಮೇಲೋ’ ಎಂದರೆ ತಕ್ಷಣ ಉತ್ತರ ಬರುತ್ತದೆ.

ಎರಡನೆಯದು ಊರೆಲ್ಲ ಬಲ್ಲ ಘಟನೆಗಳು. ಒಂದು ಹಾಳೆಯಲ್ಲಿ ಇವನ್ನು ಸಾಲಾಗಿ ಬರೆದಿಟ್ಟುಕೊಂಡು ಕೂರಿ: ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1, ಏಕೀಕರಣ 1956ರ ನವೆಂಬರ್ 1, ನಯಾಪೈಸೆ ಬಂದದ್ದು 1957ರ ಏಪ್ರಿಲ್ 1, ರೇಷನ್ನಿನ ಕೆಂಪು ಜೋಳ 1965-66ರ ಬರದ ಆಸುಪಾಸು, ಆಮೇಲೆ 1972ರ ಬರ, 1975ರಲ್ಲಿ ತುರ್ತುಪರಿಸ್ಥಿತಿ, 1980ರ ಫೆಬ್ರವರಿ 16ರ ಮಧ್ಯಾಹ್ನದ ದೊಡ್ಡ ಸೂರ್ಯಗ್ರಹಣ, 1984ರಲ್ಲಿ ಇಂದಿರಾಗಾಂಧಿ ತೀರಿಕೊಂಡದ್ದು, 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾದದ್ದು. ‘ಗ್ರಹಣದ ದಿನ ಎಲ್ಲಿದ್ದಿರಿ, ಹಿರೀ ಮಗ ಹುಟ್ಟಿದ್ದನಾ, ಎಷ್ಟೆತ್ತರ ಇದ್ದ?’ ಎಂದು ಒಂದಕ್ಕೊಂದು ಗಂಟು ಹಾಕುತ್ತ ಹೋಗಿ. ಹಿರಿಯೂರಿನ ಕಡೆಯವರಿಗೆ ಮಾರಿಕಣಿವೆಗಿಂತ ಗಟ್ಟಿಯಾದ ಗುರುತಿಲ್ಲ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು 1933ರಲ್ಲಿ ತುಂಬಿತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ‘ನಮ್ಮಪ್ಪ ಕೋಡಿ ನೋಡಿದ್ದ’ ಎಂದು ಅಜ್ಜ ಹೇಳಿದರೆ ಬೇರೆ ವರ್ಷದ ಪ್ರಶ್ನೆಯೇ ಇಲ್ಲ.

ಕುರಿ ಕಾಯ್ದವರು ಮರಿಯ ಹಲ್ಲಿನಿಂದಲೂ ಲೆಕ್ಕ ಇಡುತ್ತಾರೆ. ‘ಮದುವೆಗೆ ಕಡಿದ ಟಗರು ಎರಡಲ್ಲಾಗಿತ್ತು, ಅದು ಬರದ ವರ್ಷದ ಮರಿ’ ಎಂದರೆ, ಎರಡು ಹಲ್ಲು ಮೂಡುವ ವಯಸ್ಸಿನ ಲೆಕ್ಕದಲ್ಲಿ, ಬರಕ್ಕೂ ಮದುವೆಗೂ ನಡುವೆ ಒಂದರಿಂದ ಒಂದೂವರೆ ವರ್ಷ.

ಎಡವುವ ಜಾಗಗಳೂ ಇವೆ. ‘ನಾಲ್ಕಾಣೆ ಕೂಲಿ’ ಎಂದ ಮಾತ್ರಕ್ಕೆ 1957ಕ್ಕೆ ಮುಂಚೆ ಎಂದು ಬರೆಯಬೇಡಿ. ಇಪ್ಪತ್ತೈದು ಪೈಸೆಯನ್ನು ಆಮೇಲೂ ಜನ ನಾಲ್ಕಾಣೆ ಎಂದೇ ಕರೆದರು. ‘ನಿಜಲಿಂಗಪ್ಪನವರು ಮುಖ್ಯಮಂತ್ರಿ ಇದ್ದಾಗ’ ಎಂದರೆ 1956-58 ಒಂದು, 1962-68 ಇನ್ನೊಂದು. ಯಾವ ಸಲದ್ದು ಎಂದು ಬಿಡಿಸಿ ಕೇಳಿ. ಸೇರು, ಮಣಗಳನ್ನು ಕಿಲೋಗೆ ತಿರುಗಿಸಲು ಆತುರ ಬೇಡ. ಇಪ್ಪತ್ತನಾಲ್ಕು ತೊಲದ ಕಚ್ಚಾ ಸೇರಿಗೆ ಸುಮಾರು 280 ಗ್ರಾಂ, ಎಂಬತ್ತು ತೊಲದ ಪಕ್ಕಾ ಸೇರಿಗೆ ಸುಮಾರು 933 ಗ್ರಾಂ. ಮೂರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ. ಕಾಳು ಅಳೆಯುವ ಸೇರಿನ ಮಾತೇ ಬೇರೆ. ಅವರು ಹೇಳಿದ ಅಳತೆಯನ್ನೇ ಬರೆದು, ಯಾವ ಸೇರು ಎಂದು ಪಕ್ಕದಲ್ಲಿ ಗುರುತು ಮಾಡಿ.

ಇನ್ನೊಂದು: ಎಂಬತ್ತೈದರ ಅಜ್ಜ ‘ದಾತು ಈಶ್ವರ ಬರದಾಗೆ ನಾವು ಕತ್ತಾಳೆಗೆಡ್ಡೆ ತಿಂದ್ವಿ’ ಎಂದರೆ ಬೆಚ್ಚಬೇಡಿ, ಅಳಿಸಲೂ ಬೇಡಿ. ಆ ಬರ 1876-78ರದು. ಅವರ ಅಜ್ಜನಿಂದ ಕೇಳಿದ್ದು ಅವರ ಬಾಯಲ್ಲಿ ‘ನಾವು’ ಆಗಿದೆ. ಬರಹದ ಅಂಚಿನಲ್ಲಿ ಪ್ರತಿ ಸಂಗತಿಗೂ ಕಂಡದ್ದು, ಮಾಡಿದ್ದು, ಕೇಳಿದ್ದು ಎಂಬ ಮೂರರಲ್ಲಿ ಒಂದು ಗುರುತು ಹಾಕಿದರೆ ಈ ಗೊಂದಲವಿಲ್ಲ.

ಪ್ರಶ್ನೆ: ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಗಾಳಿ ಸದ್ದೇ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. (ನಾಯಕನಹಟ್ಟಿಯ ಓದುಗರು)

ಆಷಾಢದ ಗಾಳಿಯಲ್ಲಿ ಬಯಲಿನಲ್ಲಿ ಕೂತರೆ ಎಂಥ ಮೈಕೂ ಸೋಲುತ್ತದೆ. ಗೋಡೆ ಮರೆಗೆ, ಇಲ್ಲವೇ ಕುರಿ ರೊಪ್ಪದ ಬೇಲಿ ಮರೆಗೆ ಬನ್ನಿ. ಒಳಗೆ ಕೂತರೆ ಫ್ಯಾನ್ ಆರಿಸಿ. ಮೂಲೆಯಲ್ಲಿ ಕಂಬಳಿ, ಚೀಲ, ಹಾಸಿಗೆ ಇರುವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ. ಬರೀ ಆರ್‌ಸಿಸಿ ಕೋಣೆ ಗಂಯ್ ಎನ್ನುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಬಾಯಿಂದ ಒಂದು ಮೊಳ ದೂರದಲ್ಲಿ ಇಡಿ. ಕಾಲರ್ ಮೈಕ್ ಇದ್ದರೆ ಗದ್ದಕ್ಕಿಂತ ಒಂದು ಗೇಣು ಕೆಳಗೆ, ವಲ್ಲಿ (ಹೆಗಲ ಮೇಲಿನ ಟವೆಲ್) ಇಲ್ಲದ ಭುಜದ ಕಡೆ ಸಿಕ್ಕಿಸಿ. ವಲ್ಲಿ ಉಜ್ಜುವ ಸದ್ದನ್ನು ಆಮೇಲೆ ತೆಗೆಯಲಾಗದು. ಮೈಕಿಗೆ ಸ್ಪಂಜಿನ ಟೊಪ್ಪಿ ಇರಲಿ. ಒಂದು ನಿಮಿಷ ಮಾತಾಡಿಸಿ, ಇಯರ್‌ಫೋನಿನಲ್ಲಿ ಕೇಳಿ, ಆಮೇಲೆ ಶುರು ಮಾಡಿ.

ಆ್ಯಪಿನಲ್ಲಿ ವೇವ್ ಫೈಲ್ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಮೊನೊದಲ್ಲಿ ಗಂಟೆಗೆ 300ರಿಂದ 350 ಎಂಬಿ ಬೇಕು, ಜಾಗ ನೋಡಿಕೊಳ್ಳಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹೊಸ ಫೈಲ್ ತೆರೆದರೆ ಒಂದು ಕೆಟ್ಟರೂ ಉಳಿದದ್ದು ಇರುತ್ತದೆ. ಅದೇ ದಿನ ಫೈಲಿಗೆ ತಾರೀಖು, ಊರು, ಹೆಸರು, ಕ್ರಮಸಂಖ್ಯೆ ಕೊಟ್ಟು ಮೂರು ಕಡೆ ಇಡಿ, ಒಂದು ಬೇರೆಯವರ ಮನೆಯಲ್ಲಿರಲಿ. ವಾಟ್ಸ್ಆ್ಯಪಿನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ವಿಡಿಯೊ, ಫೋಟೊ ಎಲ್ಲ ಕುಗ್ಗಿಹೋಗುತ್ತವೆ. ಬರವಣಿಗೆಗೆ ಇಳಿಸುವ ಕೆಲಸಕ್ಕೆ ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿದುಕೊಳ್ಳಿ.

ಕಿವಿ ಮಂದವಾದವರ ಹತ್ತಿರ ಕಿರುಚಬೇಡಿ. ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತು, ದನಿ ಕೀರಲಾಗದಂತೆ ತಗ್ಗಿನ ಸ್ವರದಲ್ಲಿ, ಸ್ಪಷ್ಟವಾಗಿ, ನಿಧಾನವಾಗಿ ಮಾತಾಡಿ.

ಪ್ರಶ್ನೆ: ನಮ್ಮ ಹಟ್ಟಿಯ ಹಿರಿಯರು ಮನೆಯಲ್ಲಿ ತೆಲುಗು ಆಡುತ್ತಾರೆ. ಕನ್ನಡದಲ್ಲೇ ಹೇಳಿಸಬೇಕೇ? (ಮೊಳಕಾಲ್ಮೂರಿನ ಓದುಗರು)

ಬೇಡ. ದನ ಸಾಕುವ ಬುಡಕಟ್ಟಿನವರಾದ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತು, ಅವನ್ನು ಕಾಯುವ ಕಿಲಾರಿ, ಕುಲದ ಬೆಡಗುಗಳ ಮಾತು ಮನೆಮಾತಿನಲ್ಲೇ ಸಲೀಸು. ಅದನ್ನೇ ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಇದ್ದಂತೆ ಬರೆದು, ಕೆಳಗೆ ಕನ್ನಡ ಕೊಡಿ. ತಾಂಡಾದ ಲಂಬಾಣಿ ಹಿರಿಯರಿಗೂ ಇದೇ ಮಾತು. ದೇವರ ವಿಚಾರದಲ್ಲಿ ಹೊರಗಿನವರಿಗೆ ಹೇಳಬಾರದ್ದು ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಅಲ್ಲಿಗೆ ಬಂದಾಗ ರೆಕಾರ್ಡಿಂಗ್ ನಿಲ್ಲಿಸಿ.

ಪ್ರಶ್ನೆ: ದನ ಮೇಯಿಸುತ್ತಿದ್ದ ಕಾವಲಿಗೆ ಈಗ ಕಾಂಪೌಂಡು. ಅಜ್ಜ ಹೇಳುವ ಜಾಗಗಳನ್ನು ಗುರುತಿಸುವುದು ಹೇಗೆ? ಜಗಳದ ಸಂಗತಿಗಳನ್ನು ಬರೆಯಬಹುದೇ? (ಚಳ್ಳಕೆರೆಯ ಓದುಗರು)

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಸರ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಅದರ ಕಾವಲುಗಳಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಡೆಯ ಸುಮಾರು ಹತ್ತು ಸಾವಿರ ಎಕರೆ ಈ ಎರಡು ದಶಕಗಳಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ಹೀಗಾಗಿ ನಡೆದು ತೋರಿಸುವ ದಾರಿ ಎಲ್ಲ ಕಡೆ ಇಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆ ತಂದು ನೇರ ಅಜ್ಜನ ಮುಂದೆ ಹಾಸಿದರೆ ಉಪಯೋಗವಿಲ್ಲ. ಸರ್ವೆ ನಂಬರ್ ಅವರಿಗೆ ಬೇಕಿಲ್ಲ. ಅಂಗಳದಲ್ಲಿ ಕಲ್ಲು, ಕಡ್ಡಿ ಇಟ್ಟು ಊರು, ಹಳ್ಳ, ಗೋಕಟ್ಟೆ, ಗುಡ್ಡ, ದೇವರ ಮರ ಎಲ್ಲೆಲ್ಲಿ ಎಂದು ಅವರಿಂದಲೇ ಜೋಡಿಸಿ. ಉತ್ತರ ದಿಕ್ಕಿಗೆ ಒಂದು ಚಪ್ಪಲಿ ಇಟ್ಟು ಮೇಲಿನಿಂದ ಫೋಟೊ ತೆಗೆಯಿರಿ. ಆಮೇಲೆ ನಕಾಶೆಗೆ ನೀವೇ ಹೊಂದಿಸಿ. ಯಾವ ಕಾವಲಿನಲ್ಲಿ ಬೇಸಿಗೆ, ಯಾವುದರಲ್ಲಿ ಮಳೆಗಾಲ ಮೇವು, ಅಮೃತ್ ಮಹಲ್ ದನ ನೋಡಿಕೊಳ್ಳುವ ಸೇರ್ವೆಗಾರರು ಊರ ದನ ಒಳಗೆ ಬಂದರೆ ಏನು ಮಾಡುತ್ತಿದ್ದರು, ಪೊರಕೆಯ ಹಂಚಿಕಡ್ಡಿ ಎಲ್ಲಿ ಕೊಯ್ಯುತ್ತಿದ್ದರು, ಎರೆಭೂತ ಹಕ್ಕಿ ಕೊನೆಗೆ ಕಂಡದ್ದು ಎಲ್ಲಿ ಎಂದೂ ಕೇಳಿ. ಕಾವಲು ಬಲ್ಲವರಲ್ಲದೆ ಇವಕ್ಕೆ ಬೇರೆ ಸಾಕ್ಷಿಯಿಲ್ಲ.

ಜಗಳ, ಜಮೀನು, ಓಡಿಹೋದವರ ಕಥೆ ಎಲ್ಲ ಧ್ವನಿಯಲ್ಲಿ ಇರಲಿ. ಬದುಕಿರುವವರ ಹೆಸರು ಬಂದ ಭಾಗವನ್ನು ಅಚ್ಚಿಗೆ ಹಾಕಬೇಡಿ. ಶುರುವಿನಲ್ಲೇ ತಾರೀಖು, ಊರು, ಹೆಸರು ಹೇಳಿ ‘ರೆಕಾರ್ಡ್ ಮಾಡಬಹುದಾ, ಪುಸ್ತಕ ಮಾಡಬಹುದಾ’ ಎಂಬುದಕ್ಕೆ ಅವರ ಒಪ್ಪಿಗೆಯನ್ನು ದನಿಯಲ್ಲೇ ಪಡೆಯಿರಿ.

ಪ್ರಶ್ನೆ: ಮುತ್ತಾತನಿಗಿಂತ ಹಿಂದಿನವರ ಹೆಸರು ಯಾರಿಗೂ ಗೊತ್ತಿಲ್ಲ. ಹಳೇ ಫೋಟೊಗಳೂ ಅಂಟಿಕೊಂಡಿವೆ. (ದಾವಣಗೆರೆಯ ಓದುಗರು)

ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬರುವ, ಮನೆತನಗಳ ವಂಶಾವಳಿ ಹೇಳುವ ಹೆಳವರನ್ನು ಕಾಯಿರಿ. ನಿಮ್ಮ ಮನೆತನಕ್ಕೆ ಬರುವ ಹೆಳವರು ಯಾರು ಎಂಬುದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಅವರು ವಂಶ ಓದುವಾಗ ಕಾಳು, ದಕ್ಷಿಣೆ ಕೊಟ್ಟು, ಅನುಮತಿ ಕೇಳಿ ಪೂರ್ತಿ ರೆಕಾರ್ಡ್ ಮಾಡಿ. ಅವರ ಪುಸ್ತಕವನ್ನು ಕಸಿದುಕೊಂಡಂತೆ ಫೋಟೊ ಹೊಡೆಯಬೇಡಿ. ಹೊಗಳಿಕೆಯ ಭಾಗ ಬೇರೆ, ಹೆಸರಿನ ಸಾಲು ಬೇರೆ ಎಂದು ಬಿಡಿಸಿಕೊಳ್ಳಿ. ಕಂದಾಯ ರಸೀದಿ, ಹಳೇ ಪಹಣಿ, ಶಾಲೆಯ ದಾಖಲಾತಿ ರಿಜಿಸ್ಟರಿನಿಂದ ತಾಳೆ ನೋಡಿ. ಜಗಳೂರು, ಹರಿಹರದವರ 1997ಕ್ಕೆ ಹಿಂದಿನ ಕಾಗದಗಳಲ್ಲಿ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ, ದಾವಣಗೆರೆಯಲ್ಲಿ ಹುಡುಕಿ ಬೇಸರಪಡಬೇಡಿ.

ಅಂಟಿದ ಫೋಟೊವನ್ನು ಎಳೆಯಬೇಡಿ, ಗಾಜಿಗೆ ಅಂಟಿದ್ದರೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ಅಂಗೈಯಗಲದ ಫೋಟೊಗೆ 600 ಡಿಪಿಐ. ಲ್ಯಾಮಿನೇಶನ್ ಬೇಡವೇ ಬೇಡ. ಹಿಂಬದಿಗೆ ಬಾಲ್‌ಪೆನ್ನಲ್ಲಿ ಬರೆದರೆ ಮುಂದೆ ಅಚ್ಚೊತ್ತುತ್ತದೆ. ಮೆತ್ತಗಿನ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಗುರುತು ಸಿಗದವರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಊಹೆಯ ಹೆಸರು ಬೇಡ.

ಪ್ರಶ್ನೆ: ಊರಿನ ಹತ್ತು ಅಜ್ಜಂದಿರ ಮಾತು ಸೇರಿಸಿ ಪುಸ್ತಕ ಮಾಡುತ್ತಿದ್ದೇವೆ. ಭಾಷೆ ತಿದ್ದಬೇಕೇ? ಎಷ್ಟು ಪುಟ? (ಹಿರಿಯೂರು ತಾಲ್ಲೂಕಿನ ಓದುಗರು)

‘ಐತೆ’, ‘ಬಂದ್ವಿ’, ‘ಹೋಗಾಕೆ’ಗಳನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ಹತ್ತೂ ಜನ ಒಬ್ಬನೇ ಆಗಿಬಿಡುತ್ತಾರೆ. ‘ಅದೂ ಇದೂ’, ಎರಡೆರಡು ಸಲ ಬಂದ ವಾಕ್ಯ ತೆಗೆಯಿರಿ, ಉಳಿದದ್ದು ಇರಲಿ. ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆ ಹೇಳಿದ್ದರೆ ಎರಡನ್ನೂ ಹಾಕಿ, ತೀರ್ಪು ಕೊಡಬೇಡಿ. ಒಬ್ಬೊಬ್ಬರಿಗೆ ಆರು ಪುಟ ಕೊಟ್ಟು, ನಕಾಶೆ, ವಂಶಾವಳಿ ಸೇರಿದರೆ ಅರವತ್ತನಾಲ್ಕು ಪುಟಕ್ಕೆ ಕೂರುತ್ತದೆ. ಡೆಮಿ ಅಷ್ಟದಳದ ಅಳತೆಯಲ್ಲಿ ಅಷ್ಟು ಪುಟದವರೆಗೆ ನಡುವೆ ಪಿನ್ ಹೊಡೆದರೆ ಸಾಕು. ಐವತ್ತು, ನೂರು ಪ್ರತಿಗೆ ಡಿಜಿಟಲ್ ಮುದ್ರಣ, ಮುನ್ನೂರು ದಾಟಿದರೆ ಆಫ್‌ಸೆಟ್. ಅಕ್ಷರ ಹದಿನಾಲ್ಕು ಪಾಯಿಂಟಿಗಿಂತ ಸಣ್ಣದಿರಬಾರದು, ಮೊದಲು ಓದುವವರು ಅದೇ ವಯಸ್ಸಿನವರು. ಅಚ್ಚಿಗೆ ಮುಂಚೆ ಪ್ರತಿಯೊಬ್ಬರ ಭಾಗವನ್ನು ಅವರ ಮುಂದೆ ಜೋರಾಗಿ ಓದಿ ತಿದ್ದಿಸಿಕೊಳ್ಳಿ. ಇದಕ್ಕೆ ಒಂದು ತಿಂಗಳು ಬೇರೆಯಾಗಿ ಇಟ್ಟುಕೊಳ್ಳಿ. ಓದುವಾಗ ಹೊಸ ಸಂಗತಿಗಳು ಬಂದೇ ಬರುತ್ತವೆ, ರೆಕಾರ್ಡರ್ ಜೊತೆಗಿರಲಿ.