ಅಮ್ಮನ ಕಣ್ಣಿನ ಪೊರೆಗೆ ಕೊಟ್ಟ ರೆಫರಲ್ ಚೀಟಿಯಲ್ಲಿ 'ಬಿಎಂಸಿ, ಕಣ್ಣಿನ ವಿಭಾಗ' ಅಂತಿದ್ದರೆ ಎಲ್ಲಿಗೆ ಹೋಗಬೇಕು?

ಬಹುಶಃ ಚೀಟಿಯಲ್ಲಿ ಕಾಲೇಜಿನ ಹೆಸರು ಮಾತ್ರ ಇರುವುದೇ ಗೊಂದಲಕ್ಕೆ ಕಾರಣ. ಬಿಎಂಸಿ ಅಂದರೆ ಬೆಂಗಳೂರು ಮೆಡಿಕಲ್ ಕಾಲೇಜು, ಅದಕ್ಕೆ ಸೇರಿದ ಆಸ್ಪತ್ರೆಗಳು ಬೇರೆ ಬೇರೆ. ಸಾಮಾನ್ಯ ಕಾಯಿಲೆ, ಸರ್ಜರಿಗೆ ವಿಕ್ಟೋರಿಯಾ. ಹೆರಿಗೆ, ಮಕ್ಕಳಿಗೆ ಪಕ್ಕದ ವಾಣಿವಿಲಾಸ. ಕಣ್ಣಿಗೆ ಮಿಂಟೋ. ನಿಮ್ಮ ಅಮ್ಮನಿಗೆ ಕಣ್ಣಿನ ಪೊರೆ ಅಂದಿದ್ದೀರಿ, ಹಾಗಾಗಿ ಸೀದಾ ಮಿಂಟೋಗೆ ಹೋಗಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ಹತ್ತಿರ.

ಬೆಳಿಗ್ಗೆ ಬೇಗ ಹೋಗಿ ಮೊದಲು ಹೊರರೋಗಿ ಚೀಟಿ ಮಾಡಿಸಿ. ರೆಫರಲ್ ಪತ್ರ, ಆಧಾರ್, ರೇಷನ್ ಕಾರ್ಡ್ ಮೂರರದ್ದೂ ಮೂಲಪ್ರತಿ, ಜೆರಾಕ್ಸ್ ಎರಡೂ ಇರಲಿ. ಬಿಪಿ, ಶುಗರ್ ಇದ್ದರೆ ಹಳೆಯ ರಿಪೋರ್ಟ್, ಈಗ ತಗೊಳ್ಳುವ ಮಾತ್ರೆಗಳು ಬೇಕೇ ಬೇಕು. ಶುಗರ್ ಜಾಸ್ತಿ ಇದ್ದರೆ ಆಪರೇಷನ್ ಮುಂದಕ್ಕೆ ಹೋಗಬಹುದು.

ಅಮ್ಮನನ್ನು ಒಬ್ಬರೇ ಕಳಿಸಬೇಡಿ. ಪರೀಕ್ಷೆಗೆ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ, ಆ ಮಾರ್ಕೆಟ್ ಗದ್ದಲದಲ್ಲಿ ರಸ್ತೆ ದಾಟುವುದು ಕಷ್ಟ ಅಲ್ವಾ? ಆಪರೇಷನ್ ಅವತ್ತೇ ಆಗುತ್ತದೆ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಬೇರೆ ದಿನ ಕೊಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರ್ ಎಲ್ಲಿದೆ ಅಂತ ಚೀಟಿ ಮಾಡಿಸುವಾಗಲೇ ಕೇಳಿ.