ಜಪಾನಿನ ಹಳ್ಳಿ ಶಾಲೆಗೆ ಮುಖ್ಯಸ್ಥರಾಗಿ ಹೋಗುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಅಳಿಯ ಜಪಾನಿನಲ್ಲಿ ಶಾಲಾ ಶಿಕ್ಷಕ. ಅಲ್ಲಿನ ಹಳ್ಳಿಯ ಸರ್ಕಾರಿ ಶಾಲೆಗೆ ನಮ್ಮವರು ಹೆಡ್‌ಮಾಸ್ಟರ್ ಆಗಲು ಸಾಧ್ಯವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಆಗುವ ಕೆಲಸವಲ್ಲ. ವಿದೇಶಿಯರನ್ನು ಸರ್ಕಾರಿ ಶಾಲೆಗೆ ಕಾಲಮಿತಿ ಇಲ್ಲದೆ ನೇಮಿಸಿಕೊಳ್ಳಲು 1991ರಲ್ಲಿ ದಾರಿ ತೆರೆಯಿತು. ಆದರೆ ಅದು ಪೂರ್ಣಾವಧಿ ಉಪನ್ಯಾಸಕರ ಹುದ್ದೆಗೆ ಮಾತ್ರ. ಮುಖ್ಯಸ್ಥರ ಕುರ್ಚಿ ಜಪಾನಿ ಪೌರರಿಗೇ. ಮಹಾರಾಷ್ಟ್ರ ಮೂಲದ ಯೋಗೇಂದ್ರ ಪುರಾಣಿಕ್ 2023ರ ಏಪ್ರಿಲ್‌ನಲ್ಲಿ ಇಬರಾಕಿ ಪ್ರಾಂತ್ಯದ ತ್ಸುಚಿಯುರಾ ಪ್ರಥಮ ಹೈಸ್ಕೂಲಿನ ಮುಖ್ಯಸ್ಥರಾದರು. ಅವರು ಅದಕ್ಕೆ ಎಷ್ಟೋ ಮೊದಲೇ ಜಪಾನಿನ ಪೌರತ್ವ ಪಡೆದಿದ್ದವರು. ಶಿಕ್ಷಕ ವೃತ್ತಿಯ ಹೊರಗಿನವರನ್ನೂ ಈ ಹುದ್ದೆಗೆ ತರಬಹುದೆಂದು 2000ದಲ್ಲಿ ನಿಯಮ ಸಡಿಲವಾಗಿದ್ದರಿಂದ ಇಂಥ ನೇಮಕ ಸಾಧ್ಯವಾಯಿತು. ಭಾರತ ಇಬ್ಬಗೆ ಪೌರತ್ವ ಒಪ್ಪುವುದಿಲ್ಲ. ನಿಮ್ಮ ಅಳಿಯಂದಿರು ಆ ದಾರಿ ಹಿಡಿದರೆ ಇಲ್ಲಿನ ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಿದ್ದರೆ ಓಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸಿಕೊಳ್ಳಬಹುದು. ಅಷ್ಟು ದೂರ ಹೋಗಲು ಮನಸ್ಸಿಲ್ಲದಿದ್ದರೆ ಖಾಸಗಿ ವಸತಿ ಶಾಲೆಗಳನ್ನು ನೋಡಲಿ. ನಾಗಾನೋದ ಕರುಯಿಜಾವಾ, ಇವಾತೆಯ ಅಪ್ಪಿಯಂಥ ಬೆಟ್ಟದೂರುಗಳಲ್ಲೇ ಈಗ ಅಂತರರಾಷ್ಟ್ರೀಯ ಶಾಲೆಗಳಿವೆ.

ಪ್ರಶ್ನೆ: ನಾಗಾನೋ ಪ್ರಾಂತ್ಯದ ಹಳ್ಳಿಯೊಂದರ ಖಾಸಗಿ ಶಾಲೆಗೆ ನನ್ನ ಅಕ್ಕ ಮುಖ್ಯಸ್ಥೆಯಾಗಿ ಆಯ್ಕೆಯಾಗಿದ್ದಾಳೆ. ಏಪ್ರಿಲ್‌ನಲ್ಲಿ ಕೆಲಸ ಶುರು. ಮೊದಲ ತಿಂಗಳು ಯಾವುದಕ್ಕೆ ಸಿದ್ಧಳಾಗಿರಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಏಪ್ರಿಲ್ 1ಕ್ಕೆ ಹೋಗಿ ಇಳಿದರೆ ತಡವಾಯಿತೆಂದೇ ಲೆಕ್ಕ. ಜಪಾನಿನ ಶಾಲಾ ವರ್ಷ ಅಂದೇ ಶುರು, ಪ್ರವೇಶ ಸಮಾರಂಭಕ್ಕೆ ಉಳಿಯುವುದು ಒಂದು ವಾರ. ಅಷ್ಟರಲ್ಲಿ ಹೊಸ ಶಿಕ್ಷಕರಿಗೆ ತರಗತಿ ಹಂಚಬೇಕು, ವರ್ಷದ ಧ್ಯೇಯ ಹೇಳಬೇಕು, ಸಮಾರಂಭದ ಭಾಷಣ ಬರೆದಿಡಬೇಕು. ಮಾರ್ಚ್ ಕೊನೆಯಲ್ಲಿ ಹಳೆಯ ಮುಖ್ಯಸ್ಥರ ಜೊತೆ ಎರಡು ದಿನವಾದರೂ ಕೂರಲು ಸಿಕ್ಕಿದರೆ ಬಿಡಬಾರದು.

ಆ ಎರಡು ದಿನಗಳಲ್ಲಿ ಬೀಗದ ಕೈ, ಕಡತಗಳಿಗಿಂತ ಮೊದಲು ಕೇಳಿ ಪಡೆಯಬೇಕಾದದ್ದು ಅತಿಥಿಗಳ ಪಟ್ಟಿ, ಅವರನ್ನು ಕೂರಿಸುವ ಕ್ರಮದ ಸಮೇತ. ಹಳ್ಳಿಯ ಮೇಯರ್, ಪಾಲಕರ ಸಂಘದ ಅಧ್ಯಕ್ಷರು, ಕೇರಿಕೇರಿಯ ಮುಖಂಡರು, ನಿವೃತ್ತ ಮುಖ್ಯಸ್ಥರು, ದಿನಾ ಬೆಳಿಗ್ಗೆ ರಸ್ತೆ ದಾಟಿಸಲು ನಿಲ್ಲುವ ಹಿರಿಯರು, ಇವರಲ್ಲಿ ಯಾರನ್ನು ಬಿಟ್ಟರೂ ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ. ಮುಂದೆ ಸಹಾಯ ಕೇಳಿದಾಗ ಗೊತ್ತಾಗುತ್ತದೆ. ಶಾಲೆಗೆ ಗದ್ದೆ ಕೊಡುವ ರೈತರಿದ್ದರೆ ಅವರ ಹೆಸರನ್ನೂ ಬರೆದುಕೊಳ್ಳಲಿ. ಮಕ್ಕಳಿಂದ ಭತ್ತದ ನಾಟಿ ಮಾಡಿಸುವ ಹಳ್ಳಿ ಶಾಲೆಗಳು ಬಹಳ. ನಾಟಿ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ, ಏಪ್ರಿಲ್‌ನಲ್ಲೇ ಒಮ್ಮೆ ಅವರ ಮನೆಗೆ ಹೋಗಿ ಬರಬೇಕು.

ಸ್ಟಾಫ್ ರೂಮಿನ ವಿಚಾರ. ಕಾನೂನಿನ ಪ್ರಕಾರ ಶಿಕ್ಷಕರ ಸಭೆ ಇರುವುದು ಮುಖ್ಯಸ್ಥರ ಕೆಲಸಕ್ಕೆ ನೆರವಾಗಲು, ಬಹುಮತದಿಂದ ತೀರ್ಮಾನ ಮಾಡಲು ಅಲ್ಲ. ಹಾಗೆಂದು ಹೊಸ ಯೋಜನೆಯನ್ನು ನೇರವಾಗಿ ಸಭೆಯಲ್ಲಿ ಇಟ್ಟರೆ ಎಲ್ಲರೂ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ, ಕೆಲಸ ಮಾತ್ರ ಮುಂದೆ ಹೋಗುವುದಿಲ್ಲ. ಮೊದಲು ಉಪಮುಖ್ಯಸ್ಥರು, ಆಮೇಲೆ ಪಾಠವೇಳಾಪಟ್ಟಿ ನೋಡುವ ಹಿರಿಯ ಶಿಕ್ಷಕರು, ಆಮೇಲೆ ಕಚೇರಿ ಗುಮಾಸ್ತರು ಮತ್ತು ಆರೋಗ್ಯ ಕೊಠಡಿಯ ಶಿಕ್ಷಕಿ: ಹೀಗೆ ಒಬ್ಬೊಬ್ಬರ ಬಳಿಯೂ ಮಾತಾಡಿ ಆಮೇಲೆ ಸಭೆಗೆ ತರಬೇಕು. ಆರೋಗ್ಯ ಕೊಠಡಿಯ ಶಿಕ್ಷಕಿಯನ್ನು ಹೊಸಬರು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಯಾವ ಮಗು ಮನೆಯಲ್ಲಿ ಕಷ್ಟದಲ್ಲಿದೆ ಎಂಬುದು ಮೊದಲು ತಿಳಿಯುವುದು ಅವರಿಗೇ.

ಮನೆಯ ಕಡೆ: ವಾಸ ಶುರುವಾದ 14 ದಿನದೊಳಗೆ ರೆಸಿಡೆನ್ಸ್ ಕಾರ್ಡ್ (ವಿದೇಶಿಯರಿಗೆ ಜಪಾನ್ ಕೊಡುವ ವಾಸದ ಗುರುತುಚೀಟಿ) ಹಿಡಿದು ಹೋಗಿ ಹಳ್ಳಿ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಕಸ ಹಾಕುವ ದಿನಗಳ ಪಟ್ಟಿ ಅಲ್ಲೇ ಸಿಗುತ್ತದೆ. ಊರಿನ ನಿಗದಿತ ಚೀಲದಲ್ಲೇ ಹಾಕಬೇಕು. ಎಷ್ಟೋ ಕಡೆ ಚೀಲದ ಮೇಲೆ ಹೆಸರೂ ಬರೆಯಬೇಕು. ತಪ್ಪಾಗಿ ವಿಂಗಡಿಸಿದ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಡುತ್ತಾರೆ. ಶಾಲೆ ಮುಖ್ಯಸ್ಥೆಯ ಚೀಲ ಹಾಗೆ ಉಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಎದುರಿನ ಮೂರು ಮನೆ, ಅಕ್ಕಪಕ್ಕದ ಎರಡು ಮನೆಗೆ ಒಂದು ಚಿಕ್ಕ ಟವೆಲ್ಲೋ ಸಿಹಿಯ ಪೊಟ್ಟಣವೋ ಹಿಡಿದು ಹೋಗಿ ಪರಿಚಯ ಹೇಳಿಕೊಳ್ಳುವುದು ಹಳೆಯ ರೂಢಿ. ಹಳ್ಳಿಯಲ್ಲಿ ಇನ್ನೂ ಇದೆ. ಮನೆಯಿಂದ ಮನೆಗೆ ಸುತ್ತುವ ಸುತ್ತೋಲೆಯ ಹಲಗೆ ಬಂದಾಗ ಓದಿ, ಸಹಿ ಮಾಡಿ, ಅಂದೇ ಮುಂದಿನ ಮನೆಗೆ ಮುಟ್ಟಿಸಬೇಕು. ಅನೇಕ ಊರುಗಳಲ್ಲಿ ಶಾಲೆಯ ಮಾಸಿಕ ಪತ್ರಿಕೆಯೂ ಅದೇ ಹಲಗೆಯಲ್ಲಿ ಸುತ್ತುತ್ತದೆ. ಹಾಗಾಗಿ ಮುಖ್ಯಸ್ಥೆ ಮೊದಲ ಪುಟದಲ್ಲಿ ಬರೆಯುವ ನಾಲ್ಕು ಮಾತನ್ನು ಮಕ್ಕಳಿಲ್ಲದ ಮನೆಯವರೂ ಓದುತ್ತಾರೆ. ಅದನ್ನು ಬೇರೆಯವರಿಂದ ಬರೆಸುವುದು ಬೇಡ.

ಕಾರಿಲ್ಲದೆ ಅಲ್ಲಿ ನಡೆಯುವುದಿಲ್ಲ. 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಪರವಾನಗಿಯನ್ನು ಇಲ್ಲಿನ ಆರ್‌ಟಿಒದಲ್ಲಿ ಮಾಡಿಸಿಕೊಂಡು ಹೋದರೆ ಜಪಾನಿಗೆ ಕಾಲಿಟ್ಟ ದಿನದಿಂದ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಆಮೇಲೆ ಜಪಾನಿ ಲೈಸೆನ್ಸ್ ಬೇಕು. ಭಾರತದ ಲೈಸೆನ್ಸ್‌ಗೆ ಪರೀಕ್ಷೆಯ ವಿನಾಯಿತಿ ಇಲ್ಲ. ಲೈಸೆನ್ಸ್ ಪಡೆದ ಮೇಲೆ ಕನಿಷ್ಠ 3 ತಿಂಗಳು ಭಾರತದಲ್ಲಿದ್ದದ್ದಕ್ಕೆ ಪುರಾವೆ ತೋರಿಸಬೇಕು. ಹಳೆಯ ಪಾಸ್‌ಪೋರ್ಟ್ ಎಸೆಯಬೇಡಿ. ಎಡಬದಿಯ ಓಡಾಟ ನಮ್ಮದೂ ಅವರದೂ ಒಂದೇ ಆದರೂ ಓಡಿಸಿ ತೋರಿಸುವ ಪರೀಕ್ಷೆಯಲ್ಲಿ ನಮ್ಮವರು ಮತ್ತೆ ಮತ್ತೆ ಫೇಲಾಗುತ್ತಾರೆ. ಕಾರಣಗಳು ಸಣ್ಣವು: ‘ನಿಲ್ಲಿ’ ಫಲಕದ ಮುಂದೆ ಚಕ್ರ ಪೂರ್ತಿ ನಿಲ್ಲಿಸದೆ ನಿಧಾನಕ್ಕೆ ಜಾರುವುದು, ತಿರುವಿಗೆ 30 ಮೀಟರ್ ಮುಂಚೆ ಇಂಡಿಕೇಟರ್ ಹಾಕದಿರುವುದು, ಎಡಕ್ಕೆ ತಿರುಗುವಾಗ ರಸ್ತೆಯ ಎಡ ಅಂಚಿಗೆ ಒತ್ತದಿರುವುದು. ಇನ್ನು ನಾಗಾನೋದ ಎತ್ತರದ ಊರುಗಳಲ್ಲಿ ಏಪ್ರಿಲ್ ಆರಂಭದಲ್ಲೂ ಹಿಮ ಬೀಳುವುದುಂಟು. ಕಾರು ಕೊಳ್ಳುವಾಗ ಚಳಿಗಾಲದ ಟೈರು ಇದೆಯೇ ಎಂದು ಕೇಳಿ. ಚಳಿಗಾಲದಲ್ಲಿ ರಾತ್ರಿ ಉಷ್ಣಾಂಶ ಮೈನಸ್ 4 ಡಿಗ್ರಿಗಿಂತ ಇಳಿಯುತ್ತದೆ ಎಂದಾಗ ಮಲಗುವ ಮುಂಚೆ ಮನೆಯ ನಲ್ಲಿಗಳಿಗೆ ಹೋಗುವ ಕೊಳವೆಗಳಲ್ಲಿರುವ ನೀರನ್ನು ಖಾಲಿ ಮಾಡಬೇಕು. ಮರೆತರೆ ಒಳಗೇ ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ನೀರು ಖಾಲಿ ಮಾಡುವ ವಾಲ್ವ್ ಎಲ್ಲಿದೆ ಎಂದು ಮನೆಯ ಬೀಗ ಪಡೆಯುವ ದಿನವೇ ತೋರಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಜಪಾನಿನ ಶಾಲೆಯಲ್ಲಿ ಮಕ್ಕಳಿಗಿಂತ ಮೊದಲು ಹೆಡ್‌ಮಾಸ್ಟರ್ ಊಟ ಮಾಡುತ್ತಾರಂತೆ, ನಿಜವೇ? ಸಸ್ಯಾಹಾರಿಯಾದರೆ ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಜ. ನಮ್ಮ ಬಿಸಿಯೂಟವನ್ನು ಬಡಿಸುವ ಮೊದಲು ಶಿಕ್ಷಕರು ರುಚಿ ನೋಡುವಂತೆಯೇ ಇದೂ, ಆದರೆ ಸಮಯದ ಕಟ್ಟುನಿಟ್ಟು ಹೆಚ್ಚು. ಮಕ್ಕಳು ಊಟಕ್ಕೆ ಕೂರುವ ಕನಿಷ್ಠ 30 ನಿಮಿಷ ಮೊದಲು ಒಂದು ತಟ್ಟೆ ಮುಖ್ಯಸ್ಥರ ಕೊಠಡಿಗೆ ಬರುತ್ತದೆ. ಬೇರೆ ವಸ್ತು ಬಿದ್ದಿದೆಯೇ, ಸರಿಯಾಗಿ ಬೆಂದಿದೆಯೇ, ವಾಸನೆ, ಬಣ್ಣ, ರುಚಿ ಹೇಗಿದೆ, ಒಂದು ಮಗುವಿಗೆ ಪ್ರಮಾಣ ಸರಿಯೇ ಎಂದು ನೋಡಿ ಸಮಯದ ಸಮೇತ ಪುಸ್ತಕದಲ್ಲಿ ಬರೆಯಬೇಕು. 30 ನಿಮಿಷ ಯಾಕೆಂದರೆ, ಎಷ್ಟೋ ಕಡೆ ಅಡುಗೆ ಒಂದೇ ಕೇಂದ್ರದಿಂದ ಹಲವು ಶಾಲೆಗೆ ಹೋಗುತ್ತದೆ. ಇಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕಿದರೆ ಉಳಿದ ಶಾಲೆಗಳಲ್ಲೂ ಬಡಿಸುವುದನ್ನು ತಡೆಯಲು ಅಷ್ಟು ಹೊತ್ತು ಬೇಕು. ಮುಖ್ಯಸ್ಥರು ಊರಲ್ಲಿಲ್ಲದ ದಿನ ಯಾರು ತಿಂದು ನೋಡಬೇಕೆಂಬುದು ಮೊದಲೇ ಗೊತ್ತಾಗಿರಬೇಕು. ಅಡುಗೆಮನೆಯಲ್ಲಿ ಪ್ರತಿ ಪದಾರ್ಥದ ಸುಮಾರು 50 ಗ್ರಾಂ ಮಾದರಿಯನ್ನು ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಎರಡು ವಾರ ಇಡುತ್ತಾರೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಬೇಕಾಗುವುದು ಅದು.

ಸಸ್ಯಾಹಾರಿಗೆ ಈ ತಟ್ಟೆ ಕಷ್ಟವೇ, ಸುತ್ತಿ ಬಳಸಿ ಹೇಳಿ ಫಲವಿಲ್ಲ. ಮಾಂಸ ಕಾಣದ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ. ತಾನು ತಿನ್ನಲಾಗದ ದಿನ ತಪಾಸಣೆಯ ಹೊಣೆ ಉಪಮುಖ್ಯಸ್ಥರಿಗೆ ಎಂದು ಲಿಖಿತ ವ್ಯವಸ್ಥೆ ಮಾಡಿಕೊಳ್ಳುವುದೇ ದಾರಿ. ಊರಿನ ಔತಣಗಳಲ್ಲಿ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಮೀನು, ಮೀನಿನ ರಸ, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ, ಕೊಂಬು ಎಂಬ ಕಡಲಪಾಚಿ ಮತ್ತು ಶೀತಾಕೆ ಅಣಬೆಯ ರಸ ಆಗಬಹುದು ಎಂದು ಚೀಟಿ ಬರೆದು, ಔತಣ ಏರ್ಪಡಿಸಿದವರಿಗೆ ವಾರ ಮುಂಚೆ ಕೊಡಿ. ಎಲೆಯ ಮುಂದೆ ಕೂತ ಮೇಲೆ ಹೇಳಿದರೆ ಅವರಿಗೆ ಮುಜುಗರ.

ಪ್ರಶ್ನೆ: ಹತ್ತಾರು ಮಕ್ಕಳಿರುವ ಶಾಲೆಯಲ್ಲಿ ಆರು ತರಗತಿ ಹೇಗೆ ನಡೆಸುತ್ತಾರೆ? ಶಾಲೆ ಮುಚ್ಚದಂತೆ ಮುಖ್ಯಸ್ಥರು ತಡೆಯಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪ್ರಾಥಮಿಕ ಶಾಲೆಯಲ್ಲಿ ಅಕ್ಕಪಕ್ಕದ ಎರಡು ತರಗತಿಗಳಲ್ಲಿ ಒಟ್ಟು 16 ಮಕ್ಕಳು ಅಥವಾ ಕಡಿಮೆ ಇದ್ದರೆ (ಒಂದನೇ ತರಗತಿ ಸೇರಿದ್ದರೆ 8) ಒಂದೇ ತರಗತಿಯಾಗಿ ಕೂಡಿಸುವುದು ರಾಷ್ಟ್ರೀಯ ಮಾನದಂಡ. ಕೋಣೆಯ ಮುಂದೊಂದು, ಹಿಂದೊಂದು ಕಪ್ಪುಹಲಗೆ. ಉದಾಹರಣೆಗೆ ಮೂರನೇ ತರಗತಿಯವರು ಒಂದಕ್ಕೆ, ನಾಲ್ಕನೇ ತರಗತಿಯವರು ಇನ್ನೊಂದಕ್ಕೆ ಮುಖ ಮಾಡಿ ಕೂರುತ್ತಾರೆ. 45 ನಿಮಿಷದಲ್ಲಿ ಶಿಕ್ಷಕರು ಒಂದು ಗುಂಪಿಗೆ ಹೊಸ ಪಾಠ ಹೇಳುವಾಗ ಇನ್ನೊಂದು ಗುಂಪು ತನ್ನದೇ ಮಕ್ಕಳ ಮುಂದಾಳತ್ವದಲ್ಲಿ ಅಭ್ಯಾಸ ಮಾಡುತ್ತದೆ, ಆಮೇಲೆ ಅದಲುಬದಲು. ಎರಡು ಗುಂಪಿಗೂ ಹೊಸ ವಿಷಯ ಒಂದೇ ಹೊತ್ತಿಗೆ ಬಂದರೆ ಪಾಠ ಕೆಟ್ಟಿತು. ಪಾಠಯೋಜನೆ ನೋಡುವಾಗ ಮುಖ್ಯಸ್ಥರು ಮೊದಲು ಹುಡುಕಬೇಕಾದ ತಪ್ಪು ಇದೇ. ಶಿಕ್ಷಕರೊಬ್ಬರು ರಜೆ ಹಾಕಿದ ದಿನ ಮುಖ್ಯಸ್ಥರೇ ತರಗತಿಗೆ ಹೋಗುವುದೂ ಮಾಮೂಲು.

ಸಾರ್ವಜನಿಕ ಶಾಲೆ ಮುಚ್ಚುವ ತೀರ್ಮಾನ ಪುರಸಭೆಯದು, ಮುಖ್ಯಸ್ಥರದಲ್ಲ. ಮಕ್ಕಳ ಸಂಖ್ಯೆ ಉಳಿಸಿಕೊಳ್ಳಲು ಒಂದು ದಾರಿ ಉಂಟು: ಪೇಟೆಯ ಮಕ್ಕಳು ಒಂದು ವರ್ಷ ಹಳ್ಳಿಯಲ್ಲಿದ್ದು ಓದುವ ಯೋಜನೆ 1976ರಲ್ಲಿ ನಾಗಾನೋದ ಯಸಾಕಾ ಹಳ್ಳಿಯಲ್ಲಿ ಶುರುವಾಗಿ ಬೇರೆಡೆಗೂ ಹರಡಿತು. ಅದಕ್ಕೆ ಬೇಕಾದದ್ದು ಮಕ್ಕಳನ್ನು ಇರಿಸಿಕೊಳ್ಳುವ ಮನೆಗಳು. ಅವು ಸಿಗದೆ ಯೋಜನೆ ನಿಲ್ಲುತ್ತದೆ.

ಪ್ರಶ್ನೆ: ಹಿಮ, ಭೂಕಂಪ, ಜ್ವರ: ಶಾಲೆಗೆ ರಜೆ ಕೊಡುವವರು ಯಾರು?
– ಓದುಗರೊಬ್ಬರು, ಹಾಸನ

ಉತ್ತರ: ವಿಕೋಪದ ತುರ್ತಿನಲ್ಲಿ ಪಾಠ ನಿಲ್ಲಿಸುವ ಅಧಿಕಾರ ಮುಖ್ಯಸ್ಥರದು, ಸರ್ಕಾರಿ ಶಾಲೆಯಾದರೆ ಶಿಕ್ಷಣ ಮಂಡಳಿಗೆ ವರದಿ ಮಾಡಬೇಕು. ಸೋಂಕು ತಗುಲಿದ ಒಂದು ಮಗುವನ್ನು ಮನೆಯಲ್ಲಿರಿಸುವುದೂ ಮುಖ್ಯಸ್ಥರ ಕೆಲಸ. ಸೋಂಕಿನ ಕಾರಣ ತರಗತಿಯನ್ನೋ ಶಾಲೆಯನ್ನೋ ಮುಚ್ಚುವುದು ಮಾತ್ರ ಶಾಲೆ ಸ್ಥಾಪಿಸಿದವರ ಅಧಿಕಾರ. ಭೂಕಂಪದ ಮಟ್ಟಿಗೆ, ತೀವ್ರತೆ ಜಪಾನಿನ ಕಂಪನ ಮಾಪಕದಲ್ಲಿ (ರಿಕ್ಟರ್ ಅಲ್ಲ; 0ಯಿಂದ 7ರವರೆಗಿನದು) ‘5 ಕೆಳಹಂತ’ ಮುಟ್ಟಿದರೆ ಪಾಲಕರು ಬರುವವರೆಗೂ ಮಕ್ಕಳನ್ನು ಬಿಡುವುದಿಲ್ಲ ಎಂದು ಅನೇಕ ಶಾಲೆಗಳು ಮುಂಚೆಯೇ ತಿಳಿಸಿರುತ್ತವೆ, ಆಗ ಫೋನ್ ಸಿಗುವುದಿಲ್ಲವಾದ್ದರಿಂದ. ಮಗುವನ್ನು ಯಾರ ಕೈಗೆ ಒಪ್ಪಿಸಬಹುದೆಂಬ ಚೀಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಒಪ್ಪಿಸುತ್ತಾರೆ. ಹಳ್ಳಿಯಲ್ಲಿ ತಂದೆತಾಯಿ ದೂರದ ಪೇಟೆಗೆ ಕೆಲಸಕ್ಕೆ ಹೋಗಿರುತ್ತಾರೆ, ಬರುವವರು ಅಜ್ಜಿ ತಾತ ಅಥವಾ ಪಕ್ಕದ ಮನೆಯವರು. ಅವರ ಹೆಸರು ಬಿಟ್ಟುಹೋಗಿರುವುದೇ ಹೆಚ್ಚು, ಏಪ್ರಿಲ್ ಮೊದಲ ವಾರದಲ್ಲೇ ಚೀಟಿಗಳನ್ನು ಹೊಸದಾಗಿ ಬರೆಸಿ.