ಡಿಶ್ ಇಳಿಸುವ ಮೊದಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರ ಪತ್ರ: "ನಮ್ಮದು ಗುಡ್ಡೆಯ ಬುಡದ ಮನೆ, ಸುತ್ತ ಅಡಿಕೆ ತೋಟ. ಹನ್ನೆರಡು ವರ್ಷದಿಂದ ಡಿಶ್ ಇದೆ. ಅಪ್ಪ ಅಮ್ಮನಿಗೆ ಕನ್ನಡ ವಾರ್ತೆ, ಧಾರಾವಾಹಿ ಬೇಕೇ ಬೇಕು. ಆಟಿಯ ಮಳೆಗೆ ಒಮ್ಮೆ ಚಿತ್ರ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಈಚೆಗೆ ಬಿಸಿಲಿದ್ದಾಗಲೂ ಚೌಕ ಚೌಕವಾಗಿ ಒಡೆಯುತ್ತದೆ. ಇನ್ನೆರಡು ವರ್ಷದಲ್ಲಿ ಡಿಶ್ ಎಲ್ಲ ಬಂದ್ ಎಂದು ಅಂಗಡಿಯವರು ಹೇಳುತ್ತಾರೆ. ಡಿಶ್ ಇಳಿಸಿ ಫೈಬರ್ ಹಾಕಿಸಿ 55 ಇಂಚಿನ 4ಕೆ ಟಿವಿ ತರುವುದೋ, ಇದನ್ನೇ ಒಂದು ವರ್ಷಕ್ಕೆ ರೀಚಾರ್ಜ್ ಮಾಡುವುದೋ?"

ಮಾನ್ಯರೇ,

ಸದ್ಯಕ್ಕೆ ಎರಡೂ ಬೇಡ. ಡಿಶ್ ಮಾಡಿನ ಮೇಲೆಯೇ ಇರಲಿ, ರೀಚಾರ್ಜ್ ತಿಂಗಳ ಲೆಕ್ಕದಲ್ಲಿ ನಡೆಯಲಿ. ಟಿವಿಯ ಮಾತು ಕೊನೆಗೆ.

ಎರಡು ವರ್ಷದಲ್ಲಿ ಬಂದ್ ಎನ್ನುವುದಕ್ಕೆ ಆಧಾರವಿಲ್ಲ. ಉಪಗ್ರಹದ ಆಯುಸ್ಸು ಮೊದಲೇ ಗೊತ್ತಿರುವ ಲೆಕ್ಕ. 2022ರ ಜೂನ್‌ನಲ್ಲಿ ಹಾರಿದ ಜಿಸ್ಯಾಟ್-24ರ ಅಷ್ಟೂ ಸಾಮರ್ಥ್ಯವನ್ನು ಟಾಟಾ ಪ್ಲೇ ಗುತ್ತಿಗೆಗೆ ಪಡೆದಿದೆ. ಅದರ ಆಯುಸ್ಸು 15 ವರ್ಷ. ದೂರದರ್ಶನದ ಫ್ರೀ ಡಿಶ್ ಬರುವುದು 2015ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-15ರಿಂದ. ಅದರ ಆಯುಸ್ಸು 12 ವರ್ಷ, ಅಂದರೆ 2027ರ ಸುಮಾರಿಗೆ ಬದಲಿಯ ಪ್ರಶ್ನೆ ಬರುತ್ತದೆ. ಬದಲಿ ಉಪಗ್ರಹ ಅದೇ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತರೆ ಮನೆಯಲ್ಲಿ ಏನೂ ಮುಟ್ಟಬೇಕಿಲ್ಲ. ಬೇರೆ ಜಾಗಕ್ಕೆ ಹೋದರೆ ಎಲ್ಲರೂ ಡಿಶ್ ತಿರುಗಿಸಬೇಕಾದೀತು, ಅಷ್ಟೇ.

ಆದರೆ ಅಂಗಡಿಯವರ ಮಾತಿನಲ್ಲಿ ಒಂದು ನಿಜವಿದೆ. 2020ರ ಹೊತ್ತಿಗೆ ದೇಶದಲ್ಲಿ ಹಣ ಕೊಟ್ಟು ಡಿಶ್ ನೋಡುವವರು ಸುಮಾರು 7 ಕೋಟಿ ಇದ್ದರು. 2025ಕ್ಕೆ ಅದು 6 ಕೋಟಿಗಿಂತ ಕೆಳಗಿಳಿಯಿತು. ಇಳಿತ ನಿಲ್ಲುವ ಲಕ್ಷಣವಿಲ್ಲ. ಕಂಪನಿಗಳು ಒಂದಾಗಬಹುದು, ಪ್ಯಾಕ್ ಬದಲಾಗಬಹುದು. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ ಎಂದದ್ದು ಅದಕ್ಕೇ. ನಮ್ಮ ಅಂದಾಜಿನಲ್ಲಿ ಮೊದಲು ಮರೆಯಾಗುವುದು ಉಪಗ್ರಹವಲ್ಲ, ಏಣಿ ಹಿಡಿದುಕೊಂಡು ಬರುವ ರಿಪೇರಿಯ ಹುಡುಗ. ಗಿರಾಕಿ ಕಡಿಮೆಯಾದಂತೆ ಪೆರ್ಲ, ಮುಳ್ಳೇರಿಯದಂಥ ಕಡೆಗೆ ಒಂದು ಕರೆಗೆ ಬರುವವರು ಇರುವುದಿಲ್ಲ. ಆದ್ದರಿಂದ ಡಿಶ್ಶಿನ ಕೆಲಸವನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿಟ್ಟುಕೊಳ್ಳಬೇಕು.

ಗಡಿಯ ಕನ್ನಡ ಮನೆಗಳಿಗೆ ಇದು ಇನ್ನಷ್ಟು ಮುಖ್ಯ. ಆಕಾಶದಿಂದ ಬೀಳುವ ಸಂಕೇತಕ್ಕೆ ತಲಪಾಡಿ ಗಡಿಯ ಆಚೆ ಈಚೆ ಎಂಬುದಿಲ್ಲ. ಕೇಬಲ್‌ನವರ ಸಿದ್ಧ ಪ್ಯಾಕ್ ಇಲ್ಲಿ ಸಹಜವಾಗಿ ಮಲಯಾಳದ್ದು. ಕನ್ನಡವನ್ನು ಬೇರೆಯಾಗಿ ಕೇಳಿ ಹಾಕಿಸಬೇಕು. ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಆರಿಸುವ ಹಕ್ಕು 2019ರಿಂದ ಕೇಬಲ್ಲಿಗೂ ಡಿಶ್ಶಿಗೂ ಇದೆ. ವಿಳಾಸ ಕೇರಳದ್ದು ಎಂಬ ಕಾರಣಕ್ಕೆ ಯಾರಾದರೂ ಕನ್ನಡ ಪ್ಯಾಕ್ ನಿರಾಕರಿಸಿದರೆ ಒಪ್ಪಬೇಡಿ. ಚಂದನವಂತೂ ಫ್ರೀ ಡಿಶ್‌ನಲ್ಲಿ ತಿಂಗಳ ಬಾಡಿಗೆಯೇ ಇಲ್ಲದೆ ಸಿಗುತ್ತದೆ.

ಇನ್ನು ನಿಮ್ಮ ಚೌಕ ಚೌಕದ ಚಿತ್ರ. ನಮಗೆ ಮೊದಲ ಅನುಮಾನ ಅಡಿಕೆ ಮರದ ಮೇಲೆ. ಹನ್ನೆರಡು ವರ್ಷದ ಹಿಂದೆ ಡಿಶ್ ಇಟ್ಟಾಗ ಕುಳ್ಳಗಿದ್ದ ಮರ ಈಗ 15 ಮೀಟರ್ ಆಗಿರಬಹುದು. ಕಾಸರಗೋಡಿನಿಂದ ನೋಡಿದರೆ ಫ್ರೀ ಡಿಶ್‌ನ 93.5 ಡಿಗ್ರಿಯ ಉಪಗ್ರಹ ದಿಕ್ಸೂಚಿಯ 123 ಡಿಗ್ರಿಯಲ್ಲಿ, ಅಂದರೆ ಹೆಚ್ಚುಕಡಿಮೆ ಆಗ್ನೇಯಕ್ಕೆ, ನೆಲದಿಂದ 64 ಡಿಗ್ರಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಡಿಶ್ಶಿನ ಮಟ್ಟದಿಂದ 15 ಮೀಟರ್ ಮೇಲೆದ್ದ ಮರ ಏಳೂವರೆ ಮೀಟರ್ ದೂರದೊಳಗಿದ್ದರೆ ಸೋಗೆ ಅಡ್ಡ ಬರುತ್ತದೆ. ಟಾಟಾ ಪ್ಲೇಯ 83 ಡಿಗ್ರಿ ಉಪಗ್ರಹ 147 ಡಿಗ್ರಿ ದಿಕ್ಕಿನಲ್ಲಿ 72 ಡಿಗ್ರಿ ಎತ್ತರ, ಬಹುತೇಕ ನೆತ್ತಿಯ ಮೇಲೆ. ಏರ್‌ಟೆಲ್‌ನ 108.2 ಡಿಗ್ರಿಯದು ಪೂರ್ವಕ್ಕೆ ವಾಲಿ 49 ಡಿಗ್ರಿ ಮಾತ್ರ. ಅದಕ್ಕೆ 13 ಮೀಟರ್ ದೂರದ ಮರವೂ ತಡೆಯೇ. ನಿಮ್ಮದು ಯಾವ ಕಂಪನಿಯದೆಂದು ಬರೆದಿಲ್ಲ, ಅದಕ್ಕೇ ಮೂರನ್ನೂ ಕೊಟ್ಟಿದ್ದೇವೆ. ಫೋನಿನ ದಿಕ್ಸೂಚಿ ಸಾಕು, ಆದರೆ ತಗಡಿನ ಮಾಡಿನಿಂದ ದೂರ ನಿಂತು ನೋಡಿ. ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆಯುತ್ತಿದ್ದರೆ ಸೋಗೆಯೇ ಕಾರಣ. ಮರ ಕಡಿಯುವ ಅಗತ್ಯವಿಲ್ಲ, ಡಿಶ್ಶನ್ನು ಅಂಗಳದ ಇನ್ನೊಂದು ಮೂಲೆಗೆ ಸರಿಸಿದರಾಯಿತು.

ಮರವಲ್ಲದಿದ್ದರೆ ಕೇಬಲ್. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಅಂಕಿ ಇರುತ್ತವೆ. ಎರಡೂ ಸೊನ್ನೆಯಾದರೆ ಕೇಬಲ್ ತುಂಡಾಗಿದೆ, ಅಥವಾ ಡಿಶ್ಶಿನ ತೋಳಿನ ತುದಿಯಲ್ಲಿ ಸಂಕೇತ ಹಿಡಿಯುವ ಎಲ್‌ಎನ್‌ಬಿ ಸತ್ತಿದೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಇಲ್ಲದಿದ್ದರೆ ಡಿಶ್ ಸರಿದಿದೆ. ಬಾಕ್ಸಿನ ಸ್ವಿಚ್ ತೆಗೆದ ಮೇಲೆಯೇ ಕೆಲಸ ಶುರುಮಾಡಿ, ಏಕೆಂದರೆ ಆ ಕೇಬಲ್ಲಿನಲ್ಲೇ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ. ಎಲ್‌ಎನ್‌ಬಿ ಕಡೆಯ ಕನೆಕ್ಟರ್ ಬಿಚ್ಚಿ. ಹೆಣೆದ ತಂತಿ ಕಪ್ಪಾಗಿದ್ದರೆ ಅಥವಾ ಹಸಿರು ತಿರುಗಿದ್ದರೆ ನೀರು ಒಳಗೆ ಹೋಗಿದೆ. ಹೊಳೆಯುವ ತಂತಿ ಕಾಣುವವರೆಗೆ ಕೇಬಲ್ ಕತ್ತರಿಸಿ ಹೊಸ ಎಫ್ ಕನೆಕ್ಟರ್ ಹಾಕಿ. ನಡುತಂತಿ ಕನೆಕ್ಟರ್ ಅಂಚಿನಿಂದ 2-3 ಮಿಲಿಮೀಟರ್ ಹೊರಗಿರಬೇಕು, ಹೆಣಿಗೆಯ ಒಂದು ಎಳೆಯೂ ಅದನ್ನು ಮುಟ್ಟಬಾರದು, ಮುಟ್ಟಿದರೆ ಶಾರ್ಟ್. ಮೇಲೆ ಎಳೆದು ಸುತ್ತುವ ರಬ್ಬರ್ ಟೇಪ್ ಹಾಕಿ. ಸಾದಾ ಇನ್ಸುಲೇಶನ್ ಟೇಪ್ ಒಂದೇ ಬೇಸಿಗೆಗೆ ಬಿಚ್ಚಿಕೊಳ್ಳುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಕೆಳಕ್ಕೆ ಬಾಗಿ ಮೇಲೇಳಲಿ, ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎಲ್‌ಎನ್‌ಬಿಯ ಮುಖದ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರಿದಿದ್ದರೆ ಎಲ್‌ಎನ್‌ಬಿಯನ್ನೇ ಬದಲಿಸಿ.

ಜಡಿಮಳೆಯಲ್ಲಿ ಚಿತ್ರ ಹತ್ತು ಹದಿನೈದು ನಿಮಿಷ ಹೋಗುವುದು ಸಹಜ; 11-12 ಗಿಗಾಹರ್ಟ್ಸ್‌ನ ಅಲೆಗಳನ್ನು ಮಳೆಹನಿ ನುಂಗುತ್ತದೆ. ಗಂಟೆಗಟ್ಟಲೆ ಹೋಗುತ್ತದೆಂದರೆ ನಿಮ್ಮಲ್ಲಿ ಮೀಸಲು ಸಂಕೇತವೇ ಇಲ್ಲ. ಮೇಲಿನದ್ದೆಲ್ಲ ಸರಿಯಿದ್ದೂ ಹಾಗಾದರೆ 60 ಸೆಂಟಿಮೀಟರ್ ತಟ್ಟೆಯ ಬದಲು 90ರದ್ದು ಹಾಕಿಸಿ: ಹಿಡಿಯುವ ಸಂಕೇತ ಎರಡೂಕಾಲು ಪಟ್ಟು. ಆದರೆ ದೊಡ್ಡ ತಟ್ಟೆಯ ನೋಟ ಕಿರಿದು, 2 ಡಿಗ್ರಿಯಷ್ಟೇ. ಕಂಬ ಕಾಂಕ್ರೀಟಿನಲ್ಲಿ ನೆಟ್ಟಗೆ ನಿಲ್ಲಬೇಕು. ಮುರಕಲ್ಲಿನ ಗೋಡೆಗೆ ಹೊಡೆದ ಮೊಳೆ ಗಾಳಿಗೆ ಸಡಿಲಾಗುತ್ತದೆ. ಕೂರಿಸುವಾಗ ತಟ್ಟೆಯನ್ನು ಎರಡು ಮೂರು ಮಿಲಿಮೀಟರ್ ಮಾತ್ರ ಸರಿಸಿ, ಐದು ಸೆಕೆಂಡು ಕಾದು ಅಂಕಿ ನೋಡಿ. ಅವಸರ ಮಾಡಿದರೆ 93.5ರ ಬದಲು ಪಕ್ಕದ 95 ಡಿಗ್ರಿಯ ಉಪಗ್ರಹ ಸಿಕ್ಕಿ, ಸ್ಟ್ರೆಂತ್ ತುಂಬಿದ್ದರೂ ಒಂದು ಚಾನೆಲ್ಲೂ ಬಾರದೆ ದಿನ ಹಾಳಾಗುತ್ತದೆ.

ಫೈಬರ್ ಬೇಡವೆನ್ನುತ್ತಿಲ್ಲ. ಕೇರಳ ಸರ್ಕಾರದ ಫೈಬರ್ ಜಾಲ ಕೆ-ಫೋನ್ 2023ರ ಜೂನ್‌ನಲ್ಲಿ ಶುರುವಾಯಿತು, ಖಾಸಗಿ ತಂತಿಗಳೂ ಒಳಗಿನ ಊರುಗಳತ್ತ ಬರುತ್ತಿವೆ. ಮಕ್ಕಳ ಓದಿಗೆ, ಕೆಲಸಕ್ಕೆ ಹಾಕಿಸಿಕೊಳ್ಳಿ. ಟಿವಿಗೆ ಅದು ಜೊತೆ ದಾರಿಯಾಗಲಿ. ಎಚ್‌ಡಿ ಚಿತ್ರಕ್ಕೆ ಗಂಟೆಗೆ ಸುಮಾರು 3 ಜಿಬಿ, 4ಕೆಗೆ 7 ಜಿಬಿ ಬೇಕಾಗುವುದರಿಂದ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿ ಕೂರಬೇಡಿ. ಒಂದು ಒಣಸೋಗೆ ಬಿದ್ದರೂ ತಂತಿ ತುಂಡಾಗಬಹುದು, ಆಗ ಮೋಡೆಮ್ಮಿನಲ್ಲಿ ಸಂಕೇತ ನಿಂತಿದೆ ಎಂದು ತೋರಿಸುವ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತದೆ. ತಂತಿ ಹಾಕಿದ ದಿನವೇ ಬೆಳಕಿನ ಅಳತೆ (ಡಿಬಿಎಂ ಲೆಕ್ಕದಲ್ಲಿ) ಕೇಳಿ ಬರೆದಿಡಿ: ಮೈನಸ್ 20ರ ಆಸುಪಾಸು ಚೆನ್ನ, ಮೈನಸ್ 25 ದಾಟಿದರೆ ಎಲ್ಲೋ ಬಾಗಿದೆ ಅಥವಾ ಜೋಡಣೆ ಸರಿಯಿಲ್ಲ. ಕರೆಂಟು ಹೋದಾಗ ಮೋಡೆಮ್ ನಡೆಯಲು 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು.

ಸಿಡಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆವು. ತುಲಾಮಾಸದ ಸಂಜೆ ಮೋಡ ಕಟ್ಟುವಾಗಲೇ ಟಿವಿ, ಬಾಕ್ಸ್, ಮೋಡೆಮ್ ಮೂರರ ಪ್ಲಗ್ ಕಿತ್ತು, ಡಿಶ್ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿಡಿ. ಬರೀ ಸ್ವಿಚ್ ತೆಗೆದರೆ ಸಾಲದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಅದನ್ನು ಹೊತ್ತ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಅದನ್ನು ಹೊರಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಲು ಹೇಳಿ. ಗುಡುಗು ಶುರುವಾದ ಮೇಲೆ ಯಾವ ಕೇಬಲ್ಲನ್ನೂ ಮುಟ್ಟಬೇಡಿ.

ಈಗ ಟಿವಿ. ಹಾಲಿನಲ್ಲಿ 3 ಮೀಟರ್ ದೂರ ಕೂತು ನೋಡುವವರಿಗೆ 55 ಇಂಚಿನ ಪರದೆಯಲ್ಲೂ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣದು. ಅದು ಕಾಣಲು ಸುಮಾರು 2.2 ಮೀಟರಿಗಿಂತ ಹತ್ತಿರ ಬರಬೇಕು. ಅದರ ಮೇಲೆ 576 ಗೆರೆಯ ಎಸ್‌ಡಿ ಚಾನೆಲ್ ಹಾಕಿದರೆ ದೊಡ್ಡ ಪರದೆಯಲ್ಲಿ ಇನ್ನಷ್ಟು ಮಬ್ಬು. ನಾಲ್ಕೈದು ಕನ್ನಡ ಚಾನೆಲ್ಲುಗಳನ್ನು ಎಚ್‌ಡಿಯಲ್ಲಿ ಹಾಕಿಸಿಕೊಂಡರೆ ಈಗಿನ ಟಿವಿಯೇ ಹೊಸದಾಗಿ ಕಾಣುತ್ತದೆ. ಪರದೆ ಹತ್ತು ವರ್ಷ ಬಾಳಿದರೂ ಒಳಗಿನ ಸ್ಮಾರ್ಟ್ ತಂತ್ರಾಂಶ ಮೂರು ನಾಲ್ಕು ವರ್ಷಕ್ಕೆ ಹಳತಾಗುತ್ತದೆ. ಎಚ್‌ಡಿಎಂಐ ತೂತಿಗೆ ಚುಚ್ಚುವ ಸ್ಟಿಕ್ ಬದಲಿಸುವುದು ಟಿವಿ ಬದಲಿಸುವುದಕ್ಕಿಂತ ಅಗ್ಗ.

ಕೊಳ್ಳಲೇಬೇಕಾದ ದಿನ ಬಂದಾಗ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: ಉಪಗ್ರಹದ ಟ್ಯೂನರ್ ಒಳಗೇ ಇದೆಯೇ? ಅಂಥ ಟಿವಿಗಳಿಗಾಗಿ ಭಾರತೀಯ ಮಾನಕ ಸಂಸ್ಥೆ ಐಎಸ್ 18112 ಎಂಬ ಮಾನದಂಡ ತಂದಿದೆ. ಡಿಶ್ಶಿನ ಕೇಬಲ್ಲನ್ನು ನೇರ ಟಿವಿಗೆ ಸಿಕ್ಕಿಸಿ, ಬಾಕ್ಸೇ ಇಲ್ಲದೆ ಉಚಿತ ಚಾನೆಲ್ ನೋಡುವ ದಾರಿ ಅದು. ಮುಂದಿನ ಹತ್ತು ವರ್ಷದಲ್ಲಿ ಹಣದ ಚಾನೆಲ್ಲುಗಳು ಫೈಬರಿಗೆ ಸರಿದು, ಉಚಿತದವು ಆಕಾಶದಲ್ಲೇ ಉಳಿಯುತ್ತವೆ ಎಂಬುದು ನಮ್ಮ ಎಣಿಕೆ. ಡಿಶ್ ಇಳಿಸಬೇಡಿ ಎನ್ನುವುದು ಈ ಎಣಿಕೆಯಿಂದಲೇ. ಸ್ಟಾರ್‌ಲಿಂಕ್‌ಗೆ 2025ರಲ್ಲಿ ಪರವಾನಗಿ ಸಿಕ್ಕಿದೆ, ಆದರೆ ಅದು ಇಂಟರ್ನೆಟ್, ಟಿವಿಯಲ್ಲ; ತಂತಿ ಬಂದ ಮನೆಗೆ ಬೇಕಿಲ್ಲ.

ಬಿಸಿಲಿರುವ ಮಧ್ಯಾಹ್ನ ಒಮ್ಮೆ, ಮಳೆ ನಿಂತ ಕೂಡಲೇ ಒಮ್ಮೆ, ಸ್ಟ್ರೆಂತ್ ಮತ್ತು ಕ್ವಾಲಿಟಿಯ ಅಂಕಿ ಬರೆದು ಕಳುಹಿಸಿ. ಕಂಪನಿಯ ಹೆಸರು, ತಟ್ಟೆಯ ಅಗಲ, ಕೇಬಲ್ಲಿನ ಉದ್ದವೂ ಇರಲಿ. ದೊಡ್ಡ ತಟ್ಟೆ ಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇವೆ.

— ಸಂ.